ಅರ್ಧಕ್ಕೆ ನಿಂತ ಹಾಡು



ಸ್ಮರಣ ಸಂಚಿಕೆಗೆ ಮುಖ್ಯಾಧ್ಯಾಪಿಕೆಯಾದವಳು ಬರೆಯುವ ಲೇಖನವು ಪರೀಕ್ಷೆಯ ಫಲ, ಕಟ್ಟಡದ ದುರಸ್ತಿ, ದಾನಿಗಳ ಉಪಕಾರ ಇವುಗಳಿಂದ ತುಂಬಿರುವದು ವಾಡಿಕೆ. ಅವುಗಳ ವರದಿಯನ್ನು ವಾಚಕರು ಈ ಸಂಚಿಕೆಯಲ್ಲಿಯೇ ಬೇರೆ ಕಡೆಗೆ ಕಾಣುವರು. ನಾವು ಇಲ್ಲಿ ಬರೆಯಬೇಕೆಂದಿರುವದು ಸಂಗೀತದ ವಿಷಯ. ಅದರೊಡನೆ ನಮ್ಮದೊಂದು ತಪ್ಪಿನ ವಿಷಯ.

ನಮ್ಮ ಶಾಲೆಯಲ್ಲಿ ಕಲಿತು ಈಗ ಪರದೇಶದ ಆಸ್ಪತ್ರೆಯೊಂದರಲ್ಲಿ ದಾದಿಯಾಗಿರುವ ಒಬ್ಬಾಕೆ ಕಳೆದ ವರ್ಷ ಕೆಲವು ವಾದ್ಯಸಂಗೀತವನ್ನು ನಮ್ಮ ಮೊಬೈಲಿಗೆ ಕಳಿಸಿದಳು. ಜೊತೆಯಲ್ಲಿ ಕೆಲಸ ಮಾಡುವ ಬ್ರೆಝಿಲ್ ದೇಶದ ಗೆಳತಿಯು ಅವಳಿಗೆ ಅದನ್ನು ಕೇಳಿಸಿದ್ದಳಂತೆ. “ನಮ್ಮ ಬೋರ್ಡಿಂಗಿನ ಹುಡುಗಿಯರೂ ಕೇಳಲಿ” ಎಂದು ಬರೆದಿದ್ದಳು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆಯಿಂದ ಬಂದ ಈ ಮಕ್ಕಳಲ್ಲಿ ಕೆಲವರ ಮನೆಮಾತು ಕನ್ನಡ, ಕೆಲವರದು ಮರಾಠಿ. ಬ್ರೆಝಿಲ್ ಎಂದರೆ ಕಾಫಿ ಮತ್ತು ಫುಟ್‌ಬಾಲು ಎಂಬಷ್ಟೇ ಅವರ ತಿಳಿವಳಿಕೆ.

ಒಂದು ಶನಿವಾರ ಸಾಯಂಕಾಲ ಸ್ಪೀಕರು ಇಟ್ಟು ಕೇಳಿಸಿದೆವು. ಮೊದಲ ಸಾರೆ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ನಾವು ಬೈಯಲಿಲ್ಲ. ಎರಡನೆಯ ಸಾರೆ, “ಕೊಳಲನ್ನು ಮಾತ್ರ ಹಿಂಬಾಲಿಸಿರಿ” ಎಂದೆವು. ಮೂರನೆಯ ಸಾರೆ, “ಕೊಳಲನ್ನು ಬಿಟ್ಟು ಗಿಟಾರಿನ ದಪ್ಪ ತಂತಿಗಳನ್ನು ಕೇಳಿರಿ” ಎಂದೆವು. ಆಗ ಅವರಿಗೆ ಗುಟ್ಟು ತಿಳಿಯಿತು. ಕೊಳಲು ಒಂದು ಮಾತು ಕೇಳುವದು, ಕೆಳಗಿನ ತಂತಿ ಅದಕ್ಕೆ ಉತ್ತರ ಕೊಡುವದು, ನಾಲ್ಕು ತಂತಿಯ ಚಿಕ್ಕ ವಾದ್ಯವೊಂದು ನಡುವೆ ನಡೆಯನ್ನು ಹಿಡಿದಿರುವದು. ಇದಕ್ಕೆ ಶೋರೊ ಎಂದು ಹೆಸರು. ಆ ಶಬ್ದಕ್ಕೆ ಅಳು ಎಂಬ ಅರ್ಥವಿದ್ದರೂ ನಡೆ ಮಾತ್ರ ಕುಣಿಯುವಂಥದು. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪದ ಪೋಲ್ಕಾ ಮೊದಲಾದ ಕುಣಿತದ ಮಟ್ಟುಗಳು ರಿಯೊ ದೆ ಜನೈರೊ ಪಟ್ಟಣದ ವಾದಕರ ಕೈಗೆ ಬಂದು, ಆಫ್ರಿಕದ ಲಯ ಕೂಡಿ, ಈ ಸಂಗೀತವು ಹುಟ್ಟಿತು. 2024ರಲ್ಲಿ ಬ್ರೆಝಿಲ್ ದೇಶವು ಇದನ್ನು ತನ್ನ ಸಾಂಸ್ಕೃತಿಕ ಸೊತ್ತೆಂದು ಮನ್ನಿಸಿತು.

ಅದರ ತರುವಾಯ ಹುಡುಗಿಯರಿಗೆ ಶಿಕೀನ್ಯ ಗೊನ್ಸಾಗಾ ಎಂಬಾಕೆಯ ಕಥೆಯನ್ನು ಹೇಳಿದೆವು. 1847ರಲ್ಲಿ ರಿಯೊದಲ್ಲಿ ಹುಟ್ಟಿದ ಈಕೆಯ ತಾಯಿ ಗುಲಾಮರ ವಂಶದವಳು. ಹದಿನಾರರ ವಯಸ್ಸಿನಲ್ಲಿ ಮದುವೆಯಾಯಿತು. ಗಂಡನಿಗೆ ಆಕೆಯ ಸಂಗೀತ ಬೇಡವಾಗಿತ್ತು. ಆಕೆ ಗಂಡನನ್ನು ಬಿಟ್ಟು, ಪಿಯಾನೊ ಪಾಠ ಹೇಳಿ ಹೊಟ್ಟೆ ಹೊರೆದಳು. ಗುಲಾಮಗಿರಿಯನ್ನು ತೊಲಗಿಸುವ ಚಳವಳಿಯಲ್ಲಿ ದುಡಿದಳು. 1885ರಲ್ಲಿ ವಾದ್ಯವೃಂದದ ಮುಂದೆ ನಿಂತು ಅದನ್ನು ನಡಿಸಿದಳು. ಆಕೆಯ ಒಂದು ಕೃತಿಗೆ ‘ಕೋರ್ತಾ ಜಾಕಾ’ ಎಂದು ಹೆಸರು, ಅಂದರೆ ‘ಹಲಸು ಕೊಯ್ಯುವದು’. ಮಲಯಾಳದ ‘ಚಕ್ಕ’ ಎಂಬ ಶಬ್ದವೇ ಪೋರ್ತುಗೀಜರ ಬಾಯಲ್ಲಿ ‘ಜಾಕಾ’ ಆಯಿತು. ನಮ್ಮ ಹಲಸನ್ನು ಆ ದೇಶಕ್ಕೆ ಒಯ್ದವರೂ ಅವರೇ. ಇದನ್ನು ಕೇಳಿ ಹುಡುಗಿಯರು ಆ ಸಂಗೀತವು ತಮ್ಮ ಸೋದರಮಾವನ ಮನೆಯಿಂದ ಬಂದಿತೋ ಎಂಬಂತೆ ಹಿಗ್ಗಿದರು. 1914ರಲ್ಲಿ ಅಧ್ಯಕ್ಷರ ಪತ್ನಿ ನೈರ್ ದೆ ತೆಫೆ ಈ ಕೃತಿಯನ್ನು ಅಧ್ಯಕ್ಷರ ಅರಮನೆಯಲ್ಲಿಯೇ ಗಿಟಾರಿನ ಮೇಲೆ ನುಡಿಸಿದಳು. ಬೀದಿಯ ಕುಣಿತವು ಅರಮನೆಗೆ ಬಂದಿತೆಂದು ದೊಡ್ಡ ಗದ್ದಲವಾಯಿತು. ರೂಯಿ ಬಾರ್ಬೋಸಾ ಎಂಬ ಮಹಾ ಪಂಡಿತನು ಸೆನೇಟ್ ಸಭೆಯಲ್ಲಿ ಅದನ್ನು ಖಂಡಿಸಿದನು. “ಎಂಥ ಸಣ್ಣ ಮನಸ್ಸು!” ಎಂದು ನಾವು ಹುಡುಗಿಯರ ಮುಂದೆ ಆಡಿಬಿಟ್ಟೆವು.

ಆಗ ರಾಯಬಾಗದ ಕಡೆಯ ಒಬ್ಬ ಹುಡುಗಿ ಎದ್ದು ನಿಂತಳು. “ಅಕ್ಕೋರೆ, ನಮ್ಮಜ್ಜ ಪಾರಿಜಾತದಾಗ ಪೇಟಿ ಬಾರಸ್ತಾನ್ರಿ. ಅದನ್ನೂ ಹಿಂಗ ಮೂರು ಸಲ ಕೇಳಬೌದೇನ್ರಿ?”

ನಮಗೆ ಕೂಡಲೆ ಉತ್ತರ ಹೊಳೆಯಲಿಲ್ಲ. ಯಾಕಂದರೆ ಹನ್ನೆರಡು ವರ್ಷಗಳ ಹಿಂದೆ, ನಾವು ಬೋರ್ಡಿಂಗಿನ ಮೇಲ್ವಿಚಾರಣೆ ನೋಡುತ್ತಿದ್ದಾಗ, ಒಬ್ಬ ಹುಡುಗಿ ಬಟ್ಟೆ ಒಗೆಯುತ್ತ ಸತ್ಯಭಾಮೆಯ ಪದವೊಂದನ್ನು ಹಾಡುತ್ತಿದ್ದಳು. ನಾವು ಅವಳನ್ನು ಅರ್ಧಕ್ಕೆ ತಡೆದು, “ಇದು ಆಟದವರ ಪದ, ಶಾಲೆಯ ಹುಡುಗಿಯ ಬಾಯಲ್ಲಿ ಬರತಕ್ಕದ್ದಲ್ಲ” ಎಂದು ಎಲ್ಲರೆದುರು ಗದರಿಸಿದೆವು. ಆಮೇಲೆ ಅವಳು ಶಾಲೆ ಬಿಡುವ ತನಕ ಪ್ರಾರ್ಥನೆಯ ಗೀತೆಗಳನ್ನು ಕೂಡ ತುಟಿಯಲ್ಲಿಯೇ ಹಾಡಿದಳು. ನಾವು ಅದನ್ನು ಕಂಡೂ ಕಾಣದಂತಿದ್ದೆವು.

ಶ್ರೀಕೃಷ್ಣ ಪಾರಿಜಾತವು ನಮ್ಮ ಈ ಸೀಮೆಯದೇ ಸೊತ್ತು. ಅಪರಾಳ ತಮ್ಮಣ್ಣನೂ ಕುಲಗೋಡ ತಮ್ಮಣ್ಣನೂ ಅದನ್ನು ಕಟ್ಟಿ ಬೆಳಸಿದರು. ಕೃಷ್ಣನು ಪಾರಿಜಾತದ ಹೂವನ್ನು ರುಕ್ಮಿಣಿಗೆ ಕೊಟ್ಟನೆಂಬ ಸತ್ಯಭಾಮೆಯ ಮುನಿಸೇ ಅದರ ಕಥೆ. ಅದು ರಾತ್ರಿಯೆಲ್ಲ ಸಾಗುವ ಆಟ. ಕೌಜಲಗಿಯ ನಿಂಗಮ್ಮನವರು ಹೆಣ್ಣುಮಗಳಾಗಿ ಆ ರಂಗದ ಮೇಲೆ ನಿಂತು ಹೆಸರಾದರು. ರಿಯೊದ ಶಿಕೀನ್ಯಳನ್ನು ಹೊಗಳಿದ ನಮ್ಮ ಬಾಯಲ್ಲಿ ಕೌಜಲಗಿಯ ನಿಂಗಮ್ಮನವರ ಹೆಸರು ಆ ದಿನದ ವರೆಗೆ ಬಂದಿರಲಿಲ್ಲ.

ಮುಂದಿನ ಶನಿವಾರ ಅಜ್ಜನನ್ನು ಕರೆಸಿದೆವು. ಆತನು ಬಾಗಿಲಲ್ಲಿ ನಿಂತು, “ಸಾಲಿಯಾಗ ಕುಂತು ಹಾಡಲೇನ್ರಿ?” ಎಂದು ಎರಡು ಸಾರೆ ಕೇಳಿ ಒಳಗೆ ಬಂದನು. ಅದೇ ಪದ್ಧತಿಯಿಂದ ಕೇಳಿದೆವು: ಒಮ್ಮೆ ಸುಮ್ಮನೆ, ಒಮ್ಮೆ ಮಾತನ್ನು, ಒಮ್ಮೆ ಪೇಟಿ-ತಾಳಗಳನ್ನು. ನಿಪ್ಪಾಣಿಯ ಮರಾಠಿ ಮನೆಯ ಹುಡುಗಿಯರಿಗೆ ಪದದ ಅರ್ಥ ಪೂರ್ತಿ ಆಗದಿದ್ದರೂ ಸತ್ಯಭಾಮೆಯ ಮುನಿಸು ಆಯಿತು.

ಒಂದೆರಡು ದಿನಗಳಲ್ಲಿ ಪಾಲಕರೊಬ್ಬರ ಪತ್ರ ಬಂದಿತು. ಆಟದ ಪದಗಳಿಗಾಗಿ ಮಗಳನ್ನು ಮಿಶನ್ ಶಾಲೆಗೆ ಕಳಿಸಲಿಲ್ಲವೆಂದು ಅವರು ಬರೆದಿದ್ದರು. ಪುರಾಣದ ಕಥೆಯು ನಮ್ಮ ಪ್ರಾರ್ಥನೆಯಲ್ಲವೆಂದೂ ನೆರೆಯವನ ಹಾಡನ್ನು ಆದರದಿಂದ ಕೇಳುವದರಿಂದ ನಮ್ಮ ವಿಶ್ವಾಸಕ್ಕೆ ಕುಂದಿಲ್ಲವೆಂದೂ ಉತ್ತರ ಬರೆದೆವು. ಕಿಟೆಲ್ ಪಾದ್ರಿಗಳು 1862ರಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿದಾಗ ಕ್ರಿಸ್ತಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿಯೇ ಹೇಳಿದರು, ಮೊದಲು ಕಿವಿಗೊಟ್ಟು ಕಲಿತವರಾದ್ದರಿಂದಲೇ ಅದು ಅವರಿಗೆ ಸಾಧ್ಯವಾಯಿತು ಎಂದೂ ಸೂಚಿಸಿದೆವು. ಆ ಪಾಲಕರು ಮುಂದಿನ ಶನಿವಾರ ತಾವೇ ಬಂದು, ಕೊನೆಯ ತನಕ ಕೂತು ಕೇಳಿದರು. “ಹಾಡು ಚಲೋ ಅದರಿ, ಆದ್ರೂ ಸಾಲಿಯಾಗ ಬ್ಯಾಡಿತ್ತು” ಎಂದು ಹೇಳಿ ಹೋದರು. ಅವರ ಮೇಲೆ ನಮಗೆ ಸಿಟ್ಟಿಲ್ಲ. ಹನ್ನೆರಡು ವರ್ಷಗಳ ಹಿಂದೆ ನಾವೇ ಅಂಥ ಪತ್ರ ಬರೆಯುತ್ತಿದ್ದೆವು.

ದೂರದ ಹಾಡನ್ನು ಮೆಚ್ಚುವದು ಸುಲಭ. ಅದನ್ನು ಹಾಡುವವರೊಡನೆ ನಾವು ಬಾಳಬೇಕಾಗಿಲ್ಲ. ಆದರೂ ಬ್ರೆಝಿಲಿನ ಕೊಳಲಿಗೆ ನಾವು ಋಣಿಗಳು. ಪರಕೀಯ ಸಂಗೀತವನ್ನು ತಾಳ್ಮೆಯಿಂದ ಮೂರು ಸಾರೆ ಕೇಳಿದ್ದರಿಂದಲೇ ಹಿತ್ತಲಿನ ಹಾಡಿಗೂ ಅಷ್ಟು ತಾಳ್ಮೆ ಸಲ್ಲತಕ್ಕದ್ದೆಂದು ಒಬ್ಬ ಹುಡುಗಿಗೆ ಹೊಳೆಯಿತು, ಅವಳಿಂದ ನಮಗೆ ತಿಳಿಯಿತು.

ಅಂದು ಬಟ್ಟೆ ಒಗೆಯುವಲ್ಲಿ ಹಾಡುತ್ತಿದ್ದ ಮಗಳೇ, ಈ ಸಂಚಿಕೆಯು ಹಿಂದಿನ ವಿದ್ಯಾರ್ಥಿನಿಯರೆಲ್ಲರಿಗೂ ಹೋಗುವದರಿಂದ ನಿನ್ನ ಕೈಗೂ ಬರುವದೆಂದು ನಂಬಿ ಬರೆದಿದ್ದೇವೆ. ಎಲ್ಲರೆದುರು ಗದರಿಸಿದವರು ಎಲ್ಲರೆದುರೇ ಕ್ಷಮೆ ಬೇಡುವದು ನ್ಯಾಯ. ನಮ್ಮನ್ನು ಕ್ಷಮಿಸು. ಬರುವ ಸ್ನೇಹಸಮ್ಮೇಲನಕ್ಕೆ ನೀನು ಅವಶ್ಯವಾಗಿ ಬಾ. ಆ ಪದದ ಉಳಿದರ್ಧವನ್ನು ಕೇಳಲಿಕ್ಕೆ ನಾವು ಮುಂದಿನ ಸಾಲಿನಲ್ಲಿಯೇ ಕುಳಿತಿರುವೆವು.