ಮೇಸ್ತ್ರಿಯ ಸರ್ಟಿಫಿಕೇಟು

ದೀಪಾವಳಿ ಮುಗಿಯುತ್ತಿದ್ದಂತೆ ಕೊಪ್ಪದ ಪೇಟೆಯಲ್ಲಿ ಎದುರಾದವರು ಕೇಳುವುದು ಆರೋಗ್ಯವನ್ನಲ್ಲ, ‘ಆಳು ಸಿಕ್ಕಿದ್ರಾ?’ ಎಂದು. ಅಡಿಕೆ ಕೊನೆ ತೆಗೆಯಬೇಕು, ಸುಲಿಸಬೇಕು, ಬೇಯಿಸಬೇಕು. ಅಷ್ಟರಲ್ಲಿ ಕಾಫಿ ಹಣ್ಣಾಗಿರುತ್ತದೆ. ಆ ಎರಡು ಮೂರು ತಿಂಗಳು ನಮ್ಮ ಪಾಲಿನ ದೇವರು ಮೇಸ್ತ್ರಿ. ಎಲ್ಲೆಲ್ಲಿಂದಲೋ, ಈಚೆಗೆ ಅಸ್ಸಾಮಿನಿಂದಲೂ, ಜನ ಕರೆತಂದು ಲೈನ್‌ಮನೆ ತುಂಬಿಸುತ್ತಾನೆ. ಯಾವ ಹುಡುಗ ಒಂದು ಮರದಿಂದ ಇನ್ನೊಂದಕ್ಕೆ ತೂಗಿ ದಾಟುತ್ತಾನೆ, ಯಾವನು ಪ್ರತಿ ಮರಕ್ಕೂ ಇಳಿದು ಹತ್ತುತ್ತಾನೆ ಎನ್ನುವುದನ್ನು ನಿಂತ ನಿಲುವಿನಲ್ಲೇ ಹೇಳಿಬಿಡುತ್ತಾನೆ. ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಅವನನ್ನು ಯಾರೂ ಕೇಳಿಲ್ಲ.

ನನ್ನ ಅಕ್ಕನ ಮಗಳು ಬೆಂಗಳೂರಿನಲ್ಲಿ ಮಾಡುವುದೂ ಇದೇ ಕೆಲಸ, ಹೆಸರು ಮಾತ್ರ ರಿಕ್ರೂಟರ್. ಸಾಫ್ಟ್‌ವೇರ್ ಕಂಪನಿಗಳಿಗೆ ಆಳು ಹುಡುಕುತ್ತಾಳೆ. (ಆಳು ಎಂದರೆ ಸಿಟ್ಟು ಬರುತ್ತದೆ, ‘ಕ್ಯಾಂಡಿಡೇಟ್’ ಅನ್ನಬೇಕಂತೆ.) ಹೋದ ಸಲ ಬಂದಾಗ, ‘ಮಾವ, ಎಸ್‌ಎಚ್‌ಆರ್‌ಎಂ ಪರೀಕ್ಷೆ ಕಟ್ಲಾ?’ ಎಂದಳು. ಅದು ಅಮೆರಿಕದ ಸಂಸ್ಥೆಯೊಂದು ಕೊಡುವ ಸರ್ಟಿಫಿಕೇಟು. ಪಾಸಾದರೆ ಮುಗಿಯಲಿಲ್ಲ, ಮೂರು ವರ್ಷದೊಳಗೆ 60 ಅಂಕ ಕೂಡಿಸಬೇಕು, ಇಲ್ಲವೇ ಮತ್ತೆ ಪರೀಕ್ಷೆಗೆ ಕೂರಬೇಕು. ಕಂಪನಿ ದುಡ್ಡು ಕೊಟ್ಟರೆ ಕಟ್ಟು, ನಿನ್ನ ಕೈಯಿಂದ ಕೊಡುವುದಾದರೆ ಇನ್ನೊಂದು ಸಲ ಯೋಚಿಸು ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ. ನನಗೂ ಆಗಲಿಲ್ಲ.

ಕಾಗದವೆಂದರೆ ನನಗೇನೂ ತಾತ್ಸಾರವಿಲ್ಲ. ಎನ್.ಆರ್. ಪುರದ ಕಡೆ ರಬ್ಬರ್ ತೋಟ ಇಟ್ಟವರನ್ನು ಕೇಳಿ. ಕತ್ತಿ ಒಂದಿಷ್ಟು ಆಳ ಹೋದರೆ ತೊಗಟೆ ಗಂಟು ಕಟ್ಟಿ, ಮತ್ತೆ ಅಲ್ಲಿ ಹಾಲು ಸಿಕ್ಕುವುದು ಕಷ್ಟ. ರಬ್ಬರ್ ಬೋರ್ಡು ಟ್ಯಾಪಿಂಗ್ ಕಲಿಸಲು ಶಾಲೆಗಳನ್ನೇ ನಡೆಸುತ್ತದೆ. ಅಲ್ಲಿ ಕಲಿತು ಬಂದವನಿಗೆ ಮರ ಒಪ್ಪಿಸಲು ಧೈರ್ಯ ಬರುತ್ತದೆ. ಶೃಂಗೇರಿಯದು ಇನ್ನೊಂದು ತಮಾಷೆ. ಗಣಪತಿ ಹಬ್ಬದ ಹೊತ್ತಿಗೆ ಅಲ್ಲಿ ನಡೆಯುವ ವಾಕ್ಯಾರ್ಥ ಸಭೆಯಲ್ಲಿ ಪಂಡಿತರು ಜಗದ್ಗುರುಗಳ ಎದುರು ಕೂತು ಶಾಸ್ತ್ರಾರ್ಥ ಮಾಡಬೇಕು. ಯಾವ ಡಿಗ್ರಿಯೂ ಅಲ್ಲಿ ಅವರ ಪರವಾಗಿ ಮಾತಾಡುವುದಿಲ್ಲ. ಅದೇ ಪಂಡಿತರು ಸರ್ಕಾರಿ ಶಾಲೆಯಲ್ಲಿ ಸಂಸ್ಕೃತದ ಮೇಷ್ಟರಾಗಬೇಕೆಂದರೆ ಡಿಗ್ರಿ ತೋರಿಸಲೇಬೇಕು.

ಆದರೆ ಜನ ಹುಡುಕುವವರ ಕೆಲಸದಲ್ಲಿ ಒಂದು ವಿಚಿತ್ರವಿದೆ. ಟ್ಯಾಪರ್ ತಪ್ಪಿದರೆ ಮರ ಕೆಡುತ್ತದೆ, ಬೈಗುಳ ಅವನಿಗೇ ಬೀಳುತ್ತದೆ. ಮೇಸ್ತ್ರಿ ತಪ್ಪಿದರೆ ಅನುಭವಿಸುವವನು ಅವನನ್ನು ನಂಬಿ ಬಂದವನು. ಹಿಂದೆ ಘಟ್ಟದ ಕೆಳಗಿನಿಂದ ಕಾಫಿ ತೋಟಗಳಿಗೆ ಜನ ತರುತ್ತಿದ್ದ ಸೇರೆಗಾರರ ಕಾಲದಲ್ಲಿ ಇದು ಕಣ್ಣಿಗೆ ಹೊಡೆಯುವಂತಿತ್ತು. ಊರಲ್ಲೇ ಮುಂಗಡ ಕೊಟ್ಟು ಕಟ್ಟಿಹಾಕುವ ಪದ್ಧತಿ. ಮುಂಗಡ ಪಡೆದು ಕೆಲಸಕ್ಕೆ ಬಾರದೆ, ಕೋರ್ಟು ಹೇಳಿದರೂ ಕೇಳದವನನ್ನು ಮೂರು ತಿಂಗಳು ಜೈಲಿಗೆ ಹಾಕಲು ಬ್ರಿಟಿಷರ 1859ರ ಕಾಯ್ದೆಯೊಂದು ದಾರಿ ಮಾಡಿಕೊಟ್ಟಿತ್ತು. 1925ರಲ್ಲಿ ಅದು ರದ್ದಾಗುವವರೆಗೆ ಕಾನೂನಿನ ಕಣ್ಣು ಕೂಲಿಯವನ ಮೇಲೇ ಇತ್ತು. ಕರೆತಂದವನು ಎಂಥವನೆಂದು ಕೇಳಿದವರು ಕಡಿಮೆ.

ಹಾಗೆ ಕೇಳಿದ ಕಾಗದ ಬಂದದ್ದು ತೀರಾ ತಡವಾಗಿ. ಹೊರರಾಜ್ಯದ ಐದು ಜನರನ್ನೋ ಅದಕ್ಕಿಂತ ಹೆಚ್ಚಿನವರನ್ನೋ ಕರೆತರುವ ಗುತ್ತಿಗೆದಾರನಿಗೆ 1979ರ ಕಾಯ್ದೆ ಲೈಸೆನ್ಸ್ ಕಡ್ಡಾಯ ಮಾಡಿತು. ಊರು ಬಿಟ್ಟು ಬಂದದ್ದಕ್ಕೇ ಒಂದು ಭತ್ಯೆ ಕೊಡಬೇಕೆಂದಿತು: ತಿಂಗಳ ಸಂಬಳದ ಅರ್ಧ ಅಥವಾ 75 ರೂಪಾಯಿ, ಯಾವುದು ಹೆಚ್ಚೋ ಅದು. 2020ರ ಕಾರ್ಮಿಕ ಸಂಹಿತೆಯಲ್ಲಿ ಹೊರರಾಜ್ಯದವರ ನಿಯಮಗಳು ಅನ್ವಯಿಸುವ ಮಿತಿ ಐದು ಜನರಿಂದ ಹತ್ತಾಯಿತು, ಆ ಭತ್ಯೆ ಕೈಬಿಟ್ಟುಹೋಯಿತು, ಊರಿಗೆ ಹೋಗಿಬರುವ ಖರ್ಚು ಮಾತ್ರ ಉಳಿಯಿತು. ರಿಕ್ರೂಟರ್ ಎನ್ನುವವರ ಬಳಿ ಇರಲೇಬೇಕಾದ ಕಾಗದ ಯಾವುದೆಂದು ಕೇಳಿದರೆ ನಾನು ತೋರಿಸುವುದು ಇಂಥದ್ದನ್ನೇ. ಅದು ಅವನ ಜಾಣತನಕ್ಕೆ ಸಾಕ್ಷಿಯಲ್ಲ, ಕರೆತಂದವರ ಲೆಕ್ಕ ಅವನ ತಲೆಗೆ ಕಟ್ಟಿದ್ದಕ್ಕೆ ಸಾಕ್ಷಿ. ಅಕ್ಕನ ಮಗಳ ಪರೀಕ್ಷೆಯಲ್ಲಿ ಆ ಜವಾಬ್ದಾರಿಗೆ ಎಷ್ಟು ಅಂಕವೋ, ಅವಳೇ ನೋಡಿ ಹೇಳಬೇಕು.

ನಮ್ಮಲ್ಲಂತೂ ಮೇಸ್ತ್ರಿಯ ಹತ್ತಿರ ಲೈಸೆನ್ಸ್ ಕೇಳಿದ ತೋಟದವರನ್ನು ನಾನು ಕಂಡಿಲ್ಲ. ಆಳು ಸಿಕ್ಕುವುದೇ ಕಷ್ಟವಾಗಿರುವಾಗ ಕಾಗದ ಕೇಳಿ ಅವನ ಮುನಿಸು ಕಟ್ಟಿಕೊಳ್ಳುವವರು ಯಾರು? ಇನ್ನು ಹೋಗಿಬರುವ ಖರ್ಚು ತನಗೆ ಸಲ್ಲಬೇಕಾದದ್ದು ಎಂದು ಅಸ್ಸಾಮಿನ ಹುಡುಗನಿಗೆ ತಿಳಿಸಬೇಕಲ್ಲ, ಅವನ ಭಾಷೆ ಬಲ್ಲವನು ಲೈನ್‌ಮನೆಯಲ್ಲಿ ಒಬ್ಬನೇ, ಮೇಸ್ತ್ರಿ.