ಹಂಡೆ ಹಾಡುವ ಹೊತ್ತು

ನನ್ನ ಅಕ್ಕನ ಮಗ ಅಮೆರಿಕದಲ್ಲಿ ಹಿತ್ತಲಿಗೊಂದು ಬಿಸಿನೀರ ತೊಟ್ಟಿ ತರಿಸಿದ್ದಾನೆ. 1,500 ಲೀಟರ್ ಹಿಡಿಯುತ್ತದಂತೆ. ರಾತ್ರಿಯೆಲ್ಲ ಹೀಟರ್ ಉರಿದರೂ ನೀರು ಇನ್ನೂ ಉಗುರುಬೆಚ್ಚಗೇ ಇದೆ ಅಂತ ಫೋನಿನಲ್ಲಿ ಗೊಣಗಿದ. ಹಿಂದೂಪುರದ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನಮ್ಮಮ್ಮ ತಲೆ ಎತ್ತದೆ ಕೇಳಿದಳು: "ಮುಚ್ಚಳ ಹಾಕಿದ್ಯೇನಪ್ಪ?"

ಹಾಕಿರಲಿಲ್ಲ.

ನೀರು ಕಾಯಿಸುವುದನ್ನು ನಾನು ಕಲಿತದ್ದು ಕಲ್ಯಾಣದುರ್ಗದ ಅಜ್ಜಿಮನೆಯ ಬಚ್ಚಲಲ್ಲಿ. ನಾಲ್ಕು ಕೊಡ ಹಿಡಿಯುವ ತಾಮ್ರದ ಹಂಡೆ, ಕುತ್ತಿಗೆವರೆಗೂ ಒಲೆಯಲ್ಲಿ ಹೂತುಕೊಂಡಿತ್ತು. ವರ್ಷಕ್ಕೆ 550 ಮಿಲಿಮೀಟರ್ ಮಳೆ ಕಂಡರೆ ಪುಣ್ಯ ಅನ್ನುವ ಸೀಮೆ. ಅಲ್ಲಿ ಸೌದೆ ಅಂದರೆ ಬಳ್ಳಾರಿ ಜಾಲಿ ಮತ್ತು ಕಡಲೆಕಾಯಿ ಹೊಟ್ಟು. ಹಿಂದೂಪುರದ ಮನೆಯಲ್ಲಿ ಹಿಪ್ಪುನೇರಳೆ ಕಡ್ಡಿ. ಸೊಪ್ಪು ರೇಷ್ಮೆಹುಳಕ್ಕೆ, ಕಡ್ಡಿ ಹಂಡೆಗೆ. ಹಿಪ್ಪುನೇರಳೆ ಸಾಧು ಪ್ರಾಣಿ, ಹಚ್ಚಿಟ್ಟು ಬಂದರೂ ತನ್ನ ಪಾಡಿಗೆ ಉರಿಯುತ್ತದೆ. ಕಡಲೆಕಾಯಿ ಹೊಟ್ಟು ಹಾಗಲ್ಲ. ಒಂದು ಬೊಗಸೆ ಎಸೆದರೆ ಭಗ್ಗೆಂದು ಹಂಡೆಯ ಹೊಟ್ಟೆ ನೆಕ್ಕಿ, ನೀವು ಇನ್ನೊಂದು ಬೊಗಸೆ ತುಂಬುವಷ್ಟರಲ್ಲಿ ಆರಿಹೋಗಿರುತ್ತದೆ. ಸುಟ್ಟಮೇಲೂ ಸಿಪ್ಪೆಯ ಆಕಾರ ಬಿಡುವುದಿಲ್ಲ. ಬಲೆಬಲೆಯಾದ ಬೂದಿಯ ಕಾಯಿ ಕೆಂಡದ ಮೇಲೆ ಹಾಗೇ ಕೂತು ಗಾಳಿ ತಡೆಯುತ್ತದೆ. ಕಡ್ಡಿಯಲ್ಲಿ ತಟ್ಟಿ ಉದುರಿಸುತ್ತಲೇ ಇರಬೇಕು.

ಒಂದು ದೀಪಾವಳಿ. ಹಿಂದಿನ ಸಂಜೆ ನೀರು ತುಂಬುವ ಹಬ್ಬ ಮುಗಿದು, ಸುಣ್ಣ ಕೆಮ್ಮಣ್ಣು ಬಳಿದುಕೊಂಡು, ಕೊರಳಿಗೆ ಹೂ ಸುತ್ತಿಕೊಂಡು ಹಂಡೆ ಮದುಮಗಳಂತಿತ್ತು. ಬೆಳಗಿನ ಜಾವ ಉರಿ ಹಾಕುವ ಪಾಳಿ ನನ್ನದು. ಎಣ್ಣೆ ಹಚ್ಚಿಕೊಂಡ ಹನ್ನೊಂದು ಜನ ಚಳಿಯಲ್ಲಿ ಸಾಲಾಗಿ ನಿಂತಿದ್ದಾರೆ. ಬೇಗ ಕಾಯಲಿ ಅಂತ ಒಲೆಯ ಬಾಯಿತುಂಬ ಜಾಲಿ ತುರುಕಿ, ಮೇಲೆ ಅರ್ಧ ಪುಟ್ಟಿ ಹೊಟ್ಟು ಸುರಿದೆ. ಉರಿಯ ಉಸಿರೇ ಕಟ್ಟಿತು. ಹೊಗೆ ಬಚ್ಚಲು ದಾಟಿ ದೇವರ ಮನೆಗೆ ನುಗ್ಗಿತು. ಅಜ್ಜಿ ಬಂದು ಮಾತಾಡದೆ ಮುಕ್ಕಾಲು ಸೌದೆ ಈಚೆ ಎಳೆದಳು. ಉಳಿದ ಮೂರು ಕೊರಡನ್ನು ತುದಿಗಳು ಮುಟ್ಟಿಯೂ ಮುಟ್ಟದಂತೆ ಜೋಡಿಸಿ, ಊದುಗೊಳವೆಯಲ್ಲಿ ಎರಡು ಸಲ ಊದಿದಳು. "ಉರಿ ಹಂಡೆಗೆ ಹತ್ತಬೇಕು ಕಣಪ್ಪ, ಗೋಡೆಗಲ್ಲ."

ಅದರ ಲೆಕ್ಕ ನನಗೆ ಗೊತ್ತಾದದ್ದು ಕಾಲೇಜಿಗೆ ಹೋದಮೇಲೆ. 50 ಲೀಟರ್ ನೀರನ್ನು 22 ಡಿಗ್ರಿಯಿಂದ 45ಕ್ಕೆ ಏರಿಸಲು ಬೇಕಾದದ್ದು ಸುಮಾರು 1.3 ಯೂನಿಟ್ ಶಾಖ. ಒಂದು ಕೆಜಿ ಒಣ ಸೌದೆಯಲ್ಲಿ ನಾಲ್ಕು ಯೂನಿಟ್ ಇರುತ್ತದೆ. ಮೂರರಲ್ಲೊಂದು ಕೆಜಿ ಸಾಕಿತ್ತು. ನಾವು ಸುಡುತ್ತಿದ್ದದ್ದು ಎರಡು ಮೂರು ಕೆಜಿ. ಮಿಕ್ಕಿದ್ದೆಲ್ಲ ಗೋಡೆಗೆ, ಹೊಗೆಗೆ, ಅಜ್ಜಿಯ ಕಣ್ಣಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಶುರುಮಾಡಿದ 'ಅಸ್ತ್ರ' ಕೇಂದ್ರ ಮುಂದೆ ಅಸ್ತ್ರ ಒಲೆ ಮಾಡಿದ್ದು ಈ ಪೋಲನ್ನು ಹಿಡಿಯಲಿಕ್ಕೇ. ಅಜ್ಜಿ ಆ ಹೆಸರು ಕೇಳಿದವಳಲ್ಲ. ಆದರೆ ಹಸಿ ಕೊರಡು ಮುಟ್ಟುತ್ತಿರಲಿಲ್ಲ, ಅದರೊಳಗಿನ ನೀರು ಆರಿಸುವುದಕ್ಕೇ ಒಂದಷ್ಟು ಉರಿ ಹೋಗುತ್ತದೆಂದು. ಬೋರಿನ ಗಡಸು ನೀರು ಹಂಡೆಯೊಳಗೆ ಕಟ್ಟುವ ಸುಣ್ಣದ ಹಕ್ಕಳೆಯನ್ನು ತಿಂಗಳಿಗೊಮ್ಮೆ ಹುಣಸೆಹಣ್ಣಿನ ಚರಟದಲ್ಲಿ ತಿಕ್ಕಿಸುತ್ತಿದ್ದಳು. ಹುಣಸೆಗೇನು ಬರ, ಹಿಂದೂಪುರದ ಮಂಡಿಯಿಂದ ಅಪ್ಪ ಮೂಟೆಯಲ್ಲೇ ತರುತ್ತಿದ್ದ. ತಾಮ್ರಕ್ಕೆ ಶಾಖ ದಾಟಿಸುವ ಗುಣ ಎಷ್ಟಿದ್ದರೇನು, ಒಳಗೆ ಸುಣ್ಣದ ಅಂಗಿ ತೊಟ್ಟರೆ?

ಇಷ್ಟೆಲ್ಲ ಮಾಡಿದಮೇಲೆ ಕಿವಿಯ ಕೆಲಸ. ತಳದಲ್ಲಿ ಹುಟ್ಟುವ ಸಣ್ಣ ಗುಳ್ಳೆಗಳು ಮೇಲಿನ ತಣ್ಣೀರು ಸೇರಿ ಅಲ್ಲೇ ಒಡೆಯುತ್ತವೆ. ಮೊದಲು ದೂರದಲ್ಲೆಲ್ಲೋ ದುಂಬಿ ಹಾರಿದಂತೆ, ಆಮೇಲೆ ಗುಂಯ್ ಎಂದು ಸ್ಪಷ್ಟವಾಗಿ. ಹಂಡೆ ಹಾಡಿತು ಅಂದರೆ ಸೌದೆ ಹಿಂದಕ್ಕೆಳೆಯಬೇಕು. ಕುದಿಯುವವರೆಗೆ ಕಾಯುವವನು ದಡ್ಡ. ಕುದಿಸಿ ತಣ್ಣೀರು ಬೆರೆಸುವುದಕ್ಕಿಂತ ಕೆಂಡದ ಮೇಲೆ ಬಿಟ್ಟರೆ ಹನ್ನೊಂದನೆಯವನಿಗೂ ಬಿಸಿ ಉಳಿಯುತ್ತದೆ, ಪ್ರತಿಯೊಬ್ಬರೂ ತೋಡಿದಷ್ಟು ತಣ್ಣೀರು ತುಂಬಿಟ್ಟರೆ.

ಈಗ ನಮ್ಮ ಮಾಳಿಗೆಯ ಮೇಲೆ ಸೋಲಾರ್ ಇದೆ, ದೂರುವಂಥದ್ದೇನಿಲ್ಲ. ಆದರೂ ಭಾನುವಾರ ಹಿತ್ತಲಲ್ಲಿ ಅಜ್ಜಿಯ ಹಂಡೆಗೆ ಉರಿ ಹಾಕಿ, ಮಣೆಯ ಮೇಲೆ ಕೂತು ಹೊಟ್ಟಿನ ಬೂದಿ ತಟ್ಟುತ್ತೇನೆ. ಹೆಂಡತಿಗೆ ಸೀರೆ ಹೊಗೆ ನಾರುತ್ತದೆಂಬ ತಕರಾರು, ನ್ಯಾಯವಾದದ್ದೇ.

ಮೊನ್ನೆ ಅಮೆರಿಕದಿಂದ ಮತ್ತೆ ಫೋನು. ಮುಚ್ಚಳ ಹಾಕಿದಮೇಲೆ ಬೆಳಗಾಗುವಷ್ಟರಲ್ಲಿ ತೊಟ್ಟಿ 39 ಡಿಗ್ರಿ ಮುಟ್ಟಿತ್ತಂತೆ. ಅಮ್ಮ ಪೂರ್ತಿ ಕೇಳಿಸಿಕೊಂಡು, "ಎಲ್ರೂ ಒಂದೇ ನೀರಲ್ಲಿ ಕೂತ್ಕೋತೀರೇನೋ?" ಅಂದಳು.