ವೆನಿಸ್‌ನಲ್ಲಿ ಸಂಜೆ ಆರು ಗಂಟೆ

ನಮ್ಮೂರ ಕಡೆ 'ಬಾರ್' ಅನ್ನೋ ಪದಕ್ಕೆ ಮರ್ಯಾದೆ ಇಲ್ಲ. ಕಪ್ಪು ಗಾಜಿನ ಬಾಗಿಲು, ಒಳಗೆ ಮಬ್ಬು ದೀಪ, ಹೊರಗೆ ಸಾಲಾಗಿ ನಿಂತ ಬೈಕುಗಳು. ಹೆಂಗಸರು ಅದರ ಮುಂದೆ ಬಂದಾಗ ಹೆಜ್ಜೆ ಬೇಗ ಹಾಕಿ ದಾಟಿಬಿಡುತ್ತಾರೆ. ಇಟಲಿಯಲ್ಲಿ ಹಾಗಲ್ಲ. ಅಲ್ಲಿ ಬಾರ್ ಅಂದರೆ ಬೆಳಿಗ್ಗೆ ಕಾಫಿ, ಮಧ್ಯಾಹ್ನ ಸ್ಯಾಂಡ್‌ವಿಚ್, ಸಂಜೆ ಒಂದು ಗ್ಲಾಸು ಏನಾದರೂ ಸಿಗುವ ಜಾಗ. ಅಜ್ಜಿಯರು ಬರುತ್ತಾರೆ, ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಅಪ್ಪ ಅಮ್ಮಂದಿರು ಬರುತ್ತಾರೆ. ರಾತ್ರಿ ಊಟಕ್ಕೆ ಮೊದಲು ಹೀಗೆ ಸೇರಿ ಸ್ವಲ್ಪ ಕುಡಿದು, ಸ್ವಲ್ಪ ತಿಂದು, ತುಂಬಾ ಮಾತಾಡುವುದಕ್ಕೆ ಅವರು 'ಅಪೆರಿಟಿವೊ' ಎನ್ನುತ್ತಾರೆ. ಪದದ ಮೂಲದಲ್ಲಿ 'ತೆರೆಯುವುದು' ಎಂಬ ಅರ್ಥವಿದೆ. ತೆರೆಯುವುದು ಹಸಿವನ್ನು.

ಆಫೀಸಿನ ಪ್ರಾಜೆಕ್ಟ್‌ಗಾಗಿ ನಾನು ಕೆಲವು ತಿಂಗಳು ಮಿಲಾನ್‌ನಲ್ಲಿದ್ದೆ. ಆಗ ಶಿವಮೊಗ್ಗದಿಂದ ಅಮ್ಮ ಬಂದಿದ್ದಳು. ಅಕ್ಟೋಬರ್‌ನ ಒಂದು ವಾರಾಂತ್ಯ ಇಬ್ಬರೂ ವೆನಿಸ್‌ಗೆ ಹೋದೆವು. ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ ದಾರಿ. ಅಮ್ಮ ಮದ್ಯ ಮುಟ್ಟುವವಳಲ್ಲ, ಮೊಟ್ಟೆಯನ್ನೂ ತಿನ್ನುವವಳಲ್ಲ. ಅಂಥವರನ್ನು ಕರೆದುಕೊಂಡು ಅಪೆರಿಟಿವೊಗೆ ಹೋಗಬಹುದಾ ಎಂದು ಕೇಳುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಧಾರಾಳವಾಗಿ ಹೋಗಬಹುದು.

ವೆನಿಸ್‌ನಲ್ಲಿ ಇದಕ್ಕೆಂದೇ ಇರುವ ಪುಟ್ಟ ಅಂಗಡಿಗಳಿಗೆ 'ಬಾಕರೊ' ಎಂದು ಹೆಸರು. ಒಂದಕ್ಕಿಂತ ಹೆಚ್ಚಿದ್ದರೆ 'ಬಾಕರಿ'. ನಮ್ಮ ದರ್ಶಿನಿ ಹೋಟೆಲಿನ ಹಾಗೆ ನಿಂತೇ ತಿನ್ನಬೇಕು. ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿಟ್ಟ ಒಂದೆರಡು ತುತ್ತಿನ ತಿಂಡಿಗಳಿಗೆ 'ಚಿಕೆಟ್ಟಿ' ಎನ್ನುತ್ತಾರೆ. ಹೆಚ್ಚಿನವು ಬ್ರೆಡ್ ತುಂಡಿನ ಮೇಲೆ ಏನಾದರೂ ಹರಡಿದವು. ಬೆರಳು ತೋರಿಸಿದರೆ ತಟ್ಟೆಗೆ ಹಾಕಿ ಕೊಡುತ್ತಾರೆ, ಭಾಷೆ ಬರಬೇಕೆಂದಿಲ್ಲ. ನಾವು ಹೋದ ಕಡೆಯೆಲ್ಲ ಒಂದಕ್ಕೆ ಎರಡು ಯೂರೊ ಆಸುಪಾಸು ಇತ್ತು. ಇಬ್ಬರು ಆರೆಂಟು ತಿಂದು, ಎರಡು ಗ್ಲಾಸು ಕುಡಿದರೂ ಸಾನ್ ಮಾರ್ಕೊ ಚೌಕದಲ್ಲಿ ಒಬ್ಬರು ಕೂತು ಕುಡಿಯುವಷ್ಟು ಖರ್ಚಾಗಲಿಲ್ಲ. ಆ ಚೌಕದ ಕೆಫೆ ಫ್ಲೋರಿಯನ್ 1720ರಿಂದ ಇದೆ, ನೋಡಬೇಕಾದ್ದೇ. ಆದರೆ ಅಲ್ಲಿ ವಾದ್ಯಗೋಷ್ಠಿ ನಡೆಯುತ್ತಿದ್ದರೆ ಸಂಗೀತಕ್ಕೂ ಬೇರೆ ದುಡ್ಡು ಸೇರಿಸುತ್ತಾರೆ.

ಒಂದು ಸಣ್ಣ ಗ್ಲಾಸು ವೈನಿಗೆ ಇಲ್ಲಿನವರು 'ಓಂಬ್ರಾ' ಎನ್ನುತ್ತಾರೆ. ಓಂಬ್ರಾ ಅಂದರೆ ನೆರಳು. ಹಿಂದೆ ಸಾನ್ ಮಾರ್ಕೊ ಗಂಟೆಗೋಪುರದ ನೆರಳಲ್ಲಿ ವೈನ್ ಮಾರುವವರು, ಬಿಸಿಲು ಸರಿದಂತೆ ತಮ್ಮ ಗಾಡಿಯನ್ನೂ ನೆರಳಿನ ಜೊತೆ ಸರಿಸುತ್ತಿದ್ದರಂತೆ, ಅದಕ್ಕೇ ಆ ಹೆಸರು ಎಂಬುದು ಊರಿನವರ ಕತೆ. ಈಗ ಎಲ್ಲರ ಕೈಯಲ್ಲೂ ಕಾಣುವ ಕಿತ್ತಳೆ ಬಣ್ಣದ್ದು ಸ್ಪ್ರಿಟ್ಜ್. ಪ್ರೊಸೆಕ್ಕೊ ವೈನು, ಸೋಡಾ, ಜೊತೆಗೆ ಕಹಿ ಮಿಶ್ರಿತ ಮದ್ಯ. ಹತ್ತೊಂಬತ್ತನೇ ಶತಮಾನದಲ್ಲಿ ಊರು ಆಸ್ಟ್ರಿಯಾದ ಕೈಯಲ್ಲಿದ್ದಾಗ, ಇಲ್ಲಿನ ವೈನು ಜೋರಾಯಿತೆಂದು ಸೈನಿಕರು ನೀರು ಬೆರೆಸಿ ಕುಡಿಯಲು ಶುರು ಮಾಡಿದ್ದು ಎನ್ನುತ್ತಾರೆ. ಪಕ್ಕದ ಪಾದೊವಾದಲ್ಲಿ 1919ರಲ್ಲಿ ಬಂದ ಅಪೆರೋಲ್ ಹಾಕಿದರೆ ಸಿಹಿ ಜಾಸ್ತಿ, ಕಂಪಾರಿ ಹಾಕಿದರೆ ಕಹಿ ಜಾಸ್ತಿ. 1920ರಲ್ಲಿ ವೆನಿಸ್‌ನಲ್ಲೇ ಹುಟ್ಟಿದ 'ಸೆಲೆಕ್ಟ್' ಇವೆರಡರ ನಡುವೆ.

ಕುಡಿಯದವರು 'ಅನಾಲ್ಕೋಲಿಕೊ' ಎಂದರೆ ಸಾಕು. ಅಮ್ಮನಿಗೆ ಕ್ರೊದಿನೊ ಕೊಡಿಸಿದೆ. ಪುಟ್ಟ ಬಾಟಲಿ, ಸ್ಪ್ರಿಟ್ಜ್‌ನದೇ ಬಣ್ಣ, ಆಲ್ಕೋಹಾಲ್ ಇಲ್ಲ. ಐಸು, ಕಿತ್ತಳೆ ಹೋಳು ಹಾಕಿ ಅದೇ ತರಹದ ಗ್ಲಾಸಿನಲ್ಲಿ ಕೊಟ್ಟರು. "ಹಾಗಲಕಾಯಿಗೆ ಸಕ್ಕರೆ ಹಾಕಿದ ಹಾಗಿದೆ ಕಣೆ" ಅಂದಳು. ಆದರೂ ಪೂರ್ತಿ ಕುಡಿದಳು.

ಸಸ್ಯಾಹಾರಿಗಳು 'ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ' ಎಂಬ ಎರಡು ಮಾತು ಕಲಿತಿರಬೇಕು. ಮಾಂಸ ಇಲ್ಲದೆ, ಮೀನು ಇಲ್ಲದೆ ಎಂದು ಅರ್ಥ. ಸಿಹಿಗುಂಬಳದ ಪಲ್ಯ ಹರಡಿದ ಬ್ರೆಡ್, ಎಣ್ಣೆಯಲ್ಲಿ ನೆನೆಸಿದ ಆರ್ಟಿಚೋಕ್, ಬದನೆ, ಆಲಿವ್ ಇವೆಲ್ಲ ಸಿಗುತ್ತವೆ. ಪೊಲೆಂತಾ ಎಂಬುದು ಮುಸುಕಿನ ಜೋಳದ ಹಿಟ್ಟಿನ ಮುದ್ದೆ. ಆರಿಸಿ, ಕತ್ತರಿಸಿ, ಸುಟ್ಟು ಮೇಲೆ ಅಣಬೆ ಹಾಕಿ ಕೊಡುತ್ತಾರೆ. ಕರಿದ ಮೊಝರೆಲ್ಲಾ ಚೀಸ್ ಕಂಡು ಖುಷಿಪಡಬೇಡಿ, ಒಳಗೆ ಮೀನಿನ ತುಂಡು ಇರುವುದುಂಟು. ಕಟ್ಟುನಿಟ್ಟಿನವರಿಗೆ ಇನ್ನೊಂದು ಮಾತು: ಗೊರ್ಗೊಂಜೋಲಾದಂಥ ಚೀಸ್‌ಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ.

ಮೀನು ತಿನ್ನುವವರಿಗಂತೂ ಹಬ್ಬ. ಒಣಗಿಸಿದ ಕಾಡ್ ಮೀನನ್ನು ನೆನೆಸಿ, ಬೇಯಿಸಿ, ಎಣ್ಣೆ ಹಾಕಿ ಬೆಣ್ಣೆಯ ಹಾಗೆ ಕಡೆದದ್ದು 'ಬಕ್ಕಲಾ ಮಂತೆಕಾತೊ'. ವೆನಿಸ್‌ನ ಪಿಯೆತ್ರೊ ಕ್ವೆರಿನಿ ಎಂಬ ವರ್ತಕನ ಹಡಗು ಬಿರುಗಾಳಿಗೆ ಸಿಕ್ಕಿ, ಅವನೂ ಉಳಿದ ಕೆಲವರೂ 1432ರ ಹೊತ್ತಿಗೆ ನಾರ್ವೆಯ ದ್ವೀಪವೊಂದನ್ನು ಸೇರಿದರು. ಅಲ್ಲಿನ ಒಣಮೀನಿನ ರುಚಿ ಈ ಊರಿಗೆ ಬಂದದ್ದು ಅವನಿಂದ ಎನ್ನುತ್ತಾರೆ. ಇನ್ನೊಂದು 'ಸಾರ್ದೆ ಇನ್ ಸಾಓರ್': ಬೂತಾಯಿಯಂಥ ಮೀನನ್ನು ಕರಿದು ಈರುಳ್ಳಿ, ವಿನೆಗರ್, ಒಣದ್ರಾಕ್ಷಿಯ ಜೊತೆ ನೆನೆಸಿಡುವುದು. ದಿನಗಟ್ಟಲೆ ಕೆಡದ ಹಾಗೆ ನಾವಿಕರು ಕಂಡುಕೊಂಡ ಉಪಾಯ, ನಮ್ಮ ಉಪ್ಪಿನಕಾಯಿಯ ಬುದ್ಧಿಯೇ.

ಎಲ್ಲಿಗೆ ಹೋಗಬೇಕು? ರಿಯಾಲ್ಟೊ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ 'ಕಂತೀನಾ ದೊ ಮೋರಿ' ಇದೆ. 1462ರಿಂದ ಇದ್ದೇವೆ ಎಂದು ಹೇಳಿಕೊಳ್ಳುವ ಅಂಗಡಿ. ಒಳಗೆ ಕತ್ತಲೆ, ಮಾಡಿನಿಂದ ತೂಗುವ ತಾಮ್ರದ ಪಾತ್ರೆಗಳು. ಮಾರುಕಟ್ಟೆ ಬೆಳಗಿನದಾದ್ದರಿಂದ ಈ ಭಾಗದ ಕೆಲವು ಬಾಕರಿ ಬೇಗ ಮುಚ್ಚುತ್ತವೆ, ಮೊದಲ ಸುತ್ತು ಇಲ್ಲೇ ಮಾಡಿ. ದೋರ್ಸೊದೂರೊದಲ್ಲಿ ಸಾನ್ ತ್ರೊವಾಸೊ ಕಾಲುವೆ ಪಕ್ಕ 'ಜಾ ಸ್ಕಿಯಾವಿ' ಮತ್ತು 'ಆಲ್ ಸ್ಕ್ವೇರೊ' ಹತ್ತಿರ ಹತ್ತಿರ ಇವೆ. ಎದುರು ದಡದಲ್ಲಿ ಗೊಂಡೋಲ ದೋಣಿ ರಿಪೇರಿ ಮಾಡುವ ಹಳೇ ಕಾರ್ಖಾನೆ. ಒಂದನೇ ನಂಬರಿನ ವಾಪೊರೆತ್ತೊ ದೋಣಿಯಲ್ಲಿ ಅಕಾದೆಮಿಯಾ ನಿಲ್ದಾಣಕ್ಕೆ ಬಂದರೆ ಅಲ್ಲಿಂದ ಐದಾರು ನಿಮಿಷದ ನಡಿಗೆ. ಸಂಜೆ ಪೂರ್ತಿ ಒಂದೇ ಕಡೆ ಕಳೆಯಬೇಕೆಂದರೆ ಉತ್ತರದ ಕನ್ನರೇಜೊ ಭಾಗದ ಫೊಂದಮೆಂತಾ ಮಿಸೆರಿಕೋರ್ದಿಯಾಗೆ ಹೋಗಿ. ಉದ್ದನೆಯ ಕಾಲುವೆ ದಂಡೆ, ಅದರುದ್ದಕ್ಕೂ ಅಂಗಡಿಗಳು.

ಅಮ್ಮನನ್ನು ನಾನು ಕರೆದುಕೊಂಡು ಹೋಗಿದ್ದು ಅಲ್ಲಿಗೇ. ಅಪ್ಪ ಹೋದ ಮೇಲೆ ನಾಲ್ಕು ವರ್ಷದಿಂದ ಅವಳ ಸಂಜೆ ಅಂದರೆ ದೇವರ ದೀಪ, ಧಾರಾವಾಹಿ, ಬೇಗ ಊಟ. ಸಂಜೆ ಹೊತ್ತು ಕೆಲಸವಿಲ್ಲದೆ ಬೀದಿಯಲ್ಲಿ ನಿಂತದ್ದೇ ಇಲ್ಲ. ಅಲ್ಲಿ ಅವಳ ವಯಸ್ಸಿನ ಮೂವರು ಹೆಂಗಸರು ತರಕಾರಿ ಚೀಲ ಕಾಲ ಬಳಿ ಇಟ್ಟುಕೊಂಡು, ಕೈಯಲ್ಲಿ ಗ್ಲಾಸು ಹಿಡಿದು ಹರಟುತ್ತಿದ್ದರು. ಒಬ್ಬಾಕೆ ಕಿಟಕಿ ಕಟ್ಟೆಯ ಮೇಲಿದ್ದ ತನ್ನ ತಟ್ಟೆ ಸರಿಸಿ ಅಮ್ಮನ ತಟ್ಟೆಗೆ ಜಾಗ ಮಾಡಿಕೊಟ್ಟಳು. ಸೀರೆ ಸೆರಗನ್ನು ತೋರಿಸಿ ಏನೋ ಅಂದಳು. ಅಮ್ಮ ಕನ್ನಡದಲ್ಲೇ "ಮೊಳಕಾಲ್ಮೂರು ಸೀರೆ" ಎಂದು ಉತ್ತರ ಕೊಟ್ಟಳು. ಇಬ್ಬರೂ ನಕ್ಕರು. ಆಮೇಲೆ ಅಮ್ಮ ನನ್ನ ಕಡೆ ತಿರುಗಿ, "ಇಲ್ಲಿ ಯಾರೂ ಯಾಕೆ ಬಂದಿರಿ ಅಂತ ಕೇಳಲ್ಲ ಅಲ್ವೇನೆ" ಅಂದಳು. ಎಂಟು ಗಂಟೆಯಾದರೂ ಹೊರಡೋಣ ಅನ್ನಲಿಲ್ಲ.

ಈ ಹೊತ್ತಿಗೆ ಇನ್ನೊಂದು ಬೆಲೆಯೂ ಇದೆ. 1950ರ ದಶಕದ ಆರಂಭದಲ್ಲಿ ಈ ಹಳೇ ಊರಿನಲ್ಲಿ ಸುಮಾರು 1,75,000 ಜನ ವಾಸವಿದ್ದರು. ಈಗ 50,000ಕ್ಕಿಂತ ಕಡಿಮೆ. ಬಾಡಿಗೆ ಏರಿ, ಮನೆಗಳು ಪ್ರವಾಸಿಗರ ಕೋಣೆಗಳಾಗಿ, ಊರವರು ಆಚೆ ದಡಕ್ಕೆ ಹೋಗುತ್ತಿದ್ದಾರೆ. ಹಗಲೆಲ್ಲ ಓಣಿಗಳು ನಮ್ಮಂಥವರಿಂದಲೇ ತುಂಬಿರುತ್ತವೆ. ಬೆಳಿಗ್ಗೆ ಬಂದು ಸಂಜೆ ರೈಲು ಹತ್ತುವವರು ಹೊರಟ ಮೇಲೆ, ಬಾಕರೊ ಮುಂದೆ ಊರವರ ದನಿ ಕೇಳಿಸುತ್ತದೆ. ಉಳಿದವರಿಗೆ ಒಬ್ಬರನ್ನೊಬ್ಬರು ನೋಡಲು ಇರುವ ಹೊತ್ತು ಅದು.

ಅದಕ್ಕೇ ಸಾಧ್ಯವಾದರೆ ಒಂದು ರಾತ್ರಿಯಾದರೂ ಅಲ್ಲೇ ತಂಗಿ. ಸೇತುವೆ ಮೆಟ್ಟಿಲ ಮೇಲೆ ಕೂತು ತಿನ್ನಬೇಡಿ, ದಂಡ ಹಾಕುತ್ತಾರೆ. ಅಂಗಡಿಗಳ ಮೇಲೆಯೇ ಮನೆಗಳಿವೆ, ದನಿ ತಗ್ಗಿರಲಿ. ಗ್ಲಾಸು ಖಾಲಿಯಾದ ಮೇಲೆ ಅದನ್ನು ನೀವೇ ಒಳಗೆ ಕೊಟ್ಟು 'ಗ್ರಾತ್ಸಿಯೆ' ಅನ್ನಿ. ಅಮ್ಮನನ್ನೋ ಅತ್ತೆಯನ್ನೋ ಹೋಟೆಲ್ ರೂಮಿನಲ್ಲಿ ಬಿಟ್ಟು ಮಾತ್ರ ಹೋಗಬೇಡಿ.